ಮಾತಿನ ಮೂಲವನ್ನು ಹುಡುಕುವ ಬಗೆ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂಬುದು ನಮ್ಮಲ್ಲಿ ರೂಢಿಯಾಗಿರುವ ಮಾತು. ನದಿಯನ್ನು ಅದರ ನೀರಿನಿಂದಲೂ ಋಷಿಯನ್ನು ಆತನ ನಡತೆಯಿಂದಲೂ ಅರಿಯಬೇಕೆಂಬುದು ಅದರ ತಾತ್ಪರ್ಯವಿರಬಹುದು. ವಿಜ್ಞಾನದಲ್ಲಿ ಮಾತ್ರ ಈ ನಿಯಮ ಸಲ್ಲುವುದಿಲ್ಲ. ಅಲ್ಲಿ ಯಾವ ಹೇಳಿಕೆ ಬಂದರೂ, ಇದರ ಮೂಲವೆಲ್ಲಿ ಎಂದು ಮೊದಲು ಕೇಳುತ್ತಾರೆ.

ಇದಕ್ಕೆ ಕಾರಣವುಂಟು. ನಮಗೆ ತಿಳಿದಿರುವ ಸಂಗತಿಗಳಲ್ಲಿ ನಾವೇ ಕಣ್ಣಾರೆ ಕಂಡು, ಕೈಯಾರೆ ಅಳೆದು ತಿಳಿದವು ಅತ್ಯಲ್ಪ. ಸೂರ್ಯನು ಭೂಮಿಯಿಂದ ಸುಮಾರು ೧೫ ಕೋಟಿ ಕಿಲೋಮೀಟರುಗಳ ದೂರದಲ್ಲಿರುವನೆಂದು ಹೈಸ್ಕೂಲಿನ ವಿದ್ಯಾರ್ಥಿಯೂ ಬಲ್ಲ. ಆದರೆ ಆತನು ಆ ದೂರವನ್ನು ಅಳೆದವನಲ್ಲ, ಪುಸ್ತಕದಿಂದ ತಿಳಿದವನು. ಪುಸ್ತಕವನ್ನು ಬರೆದವರು ಬೇರೊಂದು ಗ್ರಂಥದಿಂದ ತಿಳಿದರು; ಆ ಗ್ರಂಥಕರ್ತರು ಖಗೋಳಜ್ಞರ ವರದಿಗಳಿಂದ ತಿಳಿದರು. ಹೀಗೆ ಮಾತು ಒಬ್ಬರಿಂದ ಒಬ್ಬರಿಗೆ ಸಾಗಿಬರುವುದು. ಈ ಸರಪಣಿಯ ಪ್ರತಿಯೊಂದು ಕೊಂಡಿಯೂ ಕಾಣುವಂತಿದ್ದರೆ, ಸಂಶಯ ಬಂದವನು ಹಿಂದಕ್ಕೆ ನಡೆದು ಅಳತೆ ನಡೆದ ಸ್ಥಳವನ್ನೇ ಮುಟ್ಟಬಹುದು. ಒಂದು ಕೊಂಡಿಯನ್ನು ಯಾರಾದರೂ ಮರೆಮಾಡಿದರೆ ಪರೀಕ್ಷೆಯ ದಾರಿ ಅಲ್ಲಿಗೆ ಮುಚ್ಚಿಹೋಯಿತು.

ದಾರಿ ಮುಚ್ಚಿಹೋಗುವುದು ಎರಡು ಬಗೆಯಲ್ಲಿ. ಆಧಾರವಿಲ್ಲದ ಮಾತನ್ನು ಆಧಾರವುಳ್ಳದ್ದೆಂಬಂತೆ ಹರಡುವುದು ಒಂದು ಬಗೆ; ಇದು ಸುಳ್ಳು ಮಾಹಿತಿ. ಆಧಾರವಿದ್ದೂ ಅದನ್ನು ಮುಚ್ಚಿಟ್ಟು, ಮಾತು ತನ್ನದೇ ಎಂದು ಹೇಳಿಕೊಳ್ಳುವುದು ಇನ್ನೊಂದು ಬಗೆ, ಇದು ಕೃತಿಚೌರ್ಯ. ಮೊದಲನೆಯದನ್ನು ಸಮಾಜಕ್ಕೆ ಅಪಾಯಕರವೆಂದೂ ಎರಡನೆಯದನ್ನು ಲೇಖಕರ ನಡುವಿನ ಸಣ್ಣ ವ್ಯಾಜ್ಯವೆಂದೂ ಜನರು ಎಣಿಸುವುದುಂಟು. ಇವೆರಡೂ ಒಂದೇ ಬೇರಿನಿಂದ ಹುಟ್ಟುವ ಕಳೆಗಳೆಂಬುದನ್ನು ಬ್ರಿಟನ್ನಿನ ಹ್ಯಾರಿ ಬ್ರೂಯಿಸ್ ಎಂಬವರ ಕೆಲಸ ಚೆನ್ನಾಗಿ ತೋರಿಸಿಕೊಟ್ಟಿದೆ. ಆ ಕೆಲಸವನ್ನೂ ಅದರ ಹಿಂದಿರುವ ತರ್ಕವನ್ನೂ ಇಲ್ಲಿ ವಿಚಾರಿಸೋಣ.

ವಿಡಿಯೋ ಪ್ರಬಂಧವೆಂದರೇನು?

ಒಂದು ವಿಷಯವನ್ನು ಕುರಿತು ಲೇಖಕನು ತನ್ನ ವಿಚಾರಗಳನ್ನು ಕ್ರಮವಾಗಿ ನಿರೂಪಿಸುವುದೇ ಪ್ರಬಂಧ. ಅದನ್ನು ಕಾಗದದ ಮೇಲೆ ಬರೆಯುವ ಬದಲು ಮಾತಿನಲ್ಲಿ ಹೇಳಿ, ಜೊತೆಗೆ ಚಿತ್ರಗಳನ್ನೂ ದಾಖಲೆಗಳನ್ನೂ ತೋರಿಸಿದರೆ ವಿಡಿಯೋ ಪ್ರಬಂಧವಾಗುವುದು. ೨೦೦೫ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ಈ ಪ್ರಕಾರವು ಬಹುಬೇಗನೆ ಬೆಳೆಯಿತು. ಪತ್ರಿಕೆಯಲ್ಲಿ ಲೇಖನ ಬರಬೇಕಾದರೆ ಸಂಪಾದಕರ ಕಣ್ಣಿಗೆ ಬೀಳಬೇಕು. ವಿದ್ವತ್ಪತ್ರಿಕೆಯಾದರೆ ತಜ್ಞರು ಅದನ್ನು ತೂಗಿನೋಡಬೇಕು. ಯೂಟ್ಯೂಬಿನಲ್ಲಿ ಅಂತಹ ಬಾಗಿಲುಗಳಿಲ್ಲ. ಕ್ಯಾಮೆರಾ ಉಳ್ಳವನು ಇಂದು ಮಾಡಿದ್ದನ್ನು ನಾಳೆ ಲಕ್ಷಾಂತರ ಜನ ನೋಡಬಹುದು. ಇದರಿಂದ ಹೊಸಬರಿಗೆ ಅವಕಾಶ ದೊರೆಯಿತು. ಅದರೊಡನೆ ಕಾವಲಿಲ್ಲದ ಹೊಲದ ತೊಂದರೆಗಳೂ ಬಂದವು.

‘ಎಚ್‌ಬಾಂಬರ್‌ಗೈ’ ಎಂಬ ಹೆಸರಿನಲ್ಲಿ ಚಿತ್ರಗಳನ್ನು ಮಾಡುವ ಬ್ರೂಯಿಸ್‌ರವರು ಈ ಹೊಲದಲ್ಲಿ ಬೆಳೆದವರೇ. ಕಂಪ್ಯೂಟರ್ ಆಟಗಳು, ಚಲನಚಿತ್ರಗಳು, ಟೆಲಿವಿಷನ್ ಕಥೆಗಳು ಇವರ ಮೆಚ್ಚಿನ ವಿಷಯಗಳು. ಹಾಸ್ಯ ಇವರ ಶೈಲಿಯ ಮುಖ್ಯ ಲಕ್ಷಣ. ಆದರೆ ನಗೆಯ ಕೆಳಗೆ ಒಂದು ಹಠವಿದೆ: ಕೇಳಿದ ಮಾತನ್ನು ಅದರ ಹುಟ್ಟಿನವರೆಗೆ ಹಿಂಬಾಲಿಸಿ ನೋಡಬೇಕೆಂಬ ಹಠ.

ಹನ್ನೆರಡು ಮಕ್ಕಳ ವರದಿ

೨೦೨೧ರಲ್ಲಿ ಬ್ರೂಯಿಸ್‌ರವರು ಲಸಿಕೆಗಳನ್ನು ಕುರಿತು ಒಂದೂವರೆ ಗಂಟೆಗೂ ಹೆಚ್ಚಿನ ಚಿತ್ರವೊಂದನ್ನು ಪ್ರಕಟಿಸಿದರು. ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುವುದೆಂಬ ಮಾತು ಎಲ್ಲಿಂದ ಬಂತು ಎಂಬುದೇ ಅದರ ಪ್ರಶ್ನೆ. ಹಿಂದಕ್ಕೆ ಹೋದರೆ ದಾರಿಯು ೧೯೯೮ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನಕ್ಕೆ ಮುಟ್ಟುತ್ತದೆ. ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಬರೆದ ಆ ಲೇಖನವು ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಒಟ್ಟಾಗಿ ಕೊಡುವ ಲಸಿಕೆಗೂ ಮಕ್ಕಳ ಬೆಳವಣಿಗೆಯ ತೊಂದರೆಗೂ ಸಂಬಂಧವಿರಬಹುದೆಂದು ಸೂಚಿಸಿತು. ಪರೀಕ್ಷಿಸಿದ ಮಕ್ಕಳ ಸಂಖ್ಯೆ ಕೇವಲ ೧೨. ಲಸಿಕೆ ಪಡೆಯದ ಮಕ್ಕಳೊಡನೆ ಹೋಲಿಕೆಯೂ ಇರಲಿಲ್ಲ.

ಬ್ರೂಯಿಸ್‌ರವರ ಚಿತ್ರವು ಬ್ರಯನ್ ಡಿಯರ್ ಎಂಬ ಪತ್ರಕರ್ತರ ವರ್ಷಗಟ್ಟಲೆಯ ಶೋಧನೆಯನ್ನು ಅವರ ಹೆಸರಿನೊಡನೆಯೇ ಜನರ ಮುಂದಿಡುತ್ತದೆ. ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಯತ್ನಿಸುತ್ತಿದ್ದ ವಕೀಲರ ಮೂಲಕ ವೇಕ್‌ಫೀಲ್ಡ್‌ರಿಗೆ ಹಣ ಸಂದಿತ್ತೆಂಬುದನ್ನು ಡಿಯರ್‌ರವರು ೨೦೦೪ರಲ್ಲಿ ಬಯಲಿಗೆ ತಂದರು. ಲೇಖನದಲ್ಲಿ ಬರೆದುದಕ್ಕೂ ಆ ಮಕ್ಕಳ ಆಸ್ಪತ್ರೆಯ ದಾಖಲೆಗಳಿಗೂ ತಾಳೆಯಾಗುತ್ತಿರಲಿಲ್ಲವೆಂಬುದನ್ನೂ ಮುಂದೆ ತೋರಿಸಿದರು. ೨೦೧೦ರಲ್ಲಿ ‘ಲ್ಯಾನ್ಸೆಟ್’ ಲೇಖನವನ್ನು ಹಿಂತೆಗೆದುಕೊಂಡಿತು. ವೇಕ್‌ಫೀಲ್ಡ್‌ರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ೨೦೧೯ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ೬,೫೭,೪೬೧ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಈ ಲಸಿಕೆಯಿಂದ ಆಟಿಸಂ ಹೆಚ್ಚುವುದಿಲ್ಲವೆಂದು ತೋರಿಸಿತು.

ಆದರೆ ಅಷ್ಟರೊಳಗೆ ಹಾನಿ ನಡೆದಿತ್ತು. ದಡಾರವು ಬಹು ಬೇಗ ಹರಡುವ ರೋಗ. ರಕ್ಷಣೆಯೇ ಇಲ್ಲದ ಸಮೂಹದಲ್ಲಿ ಒಬ್ಬ ರೋಗಿಯಿಂದ ೧೨ರಿಂದ ೧೮ ಜನರಿಗೆ ಅದು ತಗಲುವುದೆಂದು ಎಣಿಕೆಯಿದೆ. ಆದುದರಿಂದ ನೂರಕ್ಕೆ ಸುಮಾರು ೯೫ ಮಂದಿಗೆ ರಕ್ಷಣೆ ದೊರೆತ ಹೊರತು ರೋಗದ ಹರಡುವಿಕೆ ನಿಲ್ಲದು. ಇಂಗ್ಲೆಂಡಿನಲ್ಲಿ ೯೦ನ್ನು ಮೀರಿದ್ದ ಈ ಪ್ರಮಾಣ ೨೦೦೩-೦೪ರ ವೇಳೆಗೆ ಎರಡು ವರ್ಷದ ಮಕ್ಕಳಲ್ಲಿ ೮೦ರ ಮಟ್ಟಕ್ಕೆ ಇಳಿಯಿತು. ೨೦೦೮ರ ವೇಳೆಗೆ ದಡಾರವು ಅಲ್ಲಿ ಮತ್ತೆ ನೆಲೆಯೂರಿತು. ನಮ್ಮ ನಾಡೂ ಈ ಬಗೆಯ ಮಾತುಗಳಿಗೆ ಹೊರಗಲ್ಲ. ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ, ಆಧಾರವಿಲ್ಲದ ವದಂತಿಗಳು ಮೊಬೈಲುಗಳಲ್ಲಿ ಹರಿದಾಡಿ ಎಷ್ಟೋ ತಂದೆತಾಯಿಗಳನ್ನು ಅಂಜಿಸಿದವು. ಆ ಸಂದೇಶಗಳನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಎಷ್ಟು ಮಂದಿ ಮೂಲವನ್ನು ಕೇಳಿದ್ದರು?

ಗುಹೆಯಲ್ಲಿ ಸಿಕ್ಕಿಬಿದ್ದವನು

ಎರಡನೆಯ ಬಗೆಯ ಅಪರಾಧವನ್ನು ಕುರಿತ ಚಿತ್ರ ೨೦೨೩ರ ಡಿಸೆಂಬರಿನಲ್ಲಿ ಬಂತು. ಅದರ ಅವಧಿ ೩ ಗಂಟೆ ೫೦ ನಿಮಿಷಗಳಷ್ಟು. ಇತರರ ಬರಹವನ್ನು ತಮ್ಮದೆಂದು ಓದಿ ಹಣವನ್ನೂ ಕೀರ್ತಿಯನ್ನೂ ಗಳಿಸಿದ ಹಲವರ ಕೆಲಸವನ್ನು ಅದರಲ್ಲಿ ಬ್ರೂಯಿಸ್‌ರವರು ಒಂದೊಂದಾಗಿ ಪರೀಕ್ಷಿಸಿದರು. ಅವರ ವಿಧಾನ ಸರಳವಾದದ್ದು. ಪರದೆಯ ಮೇಲೆ ಮೂಲ ಬರಹವನ್ನು ಇಡುತ್ತಾರೆ. ಆರೋಪಕ್ಕೆ ಗುರಿಯಾದ ಚಿತ್ರದ ಧ್ವನಿಯನ್ನು ಕೇಳಿಸುತ್ತಾರೆ. ಕಿವಿಗೆ ಬೀಳುವ ಮಾತೂ ಕಣ್ಣಿಗೆ ಕಾಣುವ ಸಾಲೂ ಜೊತೆಜೊತೆಯಾಗಿ ಸಾಗುತ್ತವೆ. ತೀರ್ಪನ್ನು ನೋಡುವವನೇ ಕೊಡಬಹುದು.

ಒಂದು ಉದಾಹರಣೆಯನ್ನು ನೋಡುವ. ೧೯೨೫ರ ಜನವರಿ ೩೦ರಂದು ಅಮೆರಿಕದ ಕೆಂಟಕಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಗುಹಾಶೋಧಕನು ಇಕ್ಕಟ್ಟಾದ ಗುಹೆಯೊಂದರಲ್ಲಿ ಕಾಲಿನ ಮೇಲೆ ಬಂಡೆ ಬಿದ್ದು ಸಿಕ್ಕಿಕೊಂಡನು. ಸ್ಕೀಟ್ಸ್ ಮಿಲ್ಲರ್ ಎಂಬ ಪತ್ರಿಕಾ ವರದಿಗಾರನು ತೆವಳಿಕೊಂಡು ಒಳಹೋಗಿ ಅವನೊಡನೆ ಮಾತನಾಡಿ ಬಂದನು. ಆ ವರದಿಗಳಿಗೆ ೧೯೨೬ರ ಪುಲಿಟ್ಜರ್ ಬಹುಮಾನ ಬಂತು. ಆದರೆ ರಕ್ಷಕರು ಬೇರೊಂದು ಸುರಂಗ ತೋಡಿ ಫೆಬ್ರವರಿ ೧೬ರಂದು ತಲುಪಿದಾಗ ಕಾಲಿನ್ಸ್ ಜೀವಂತನಾಗಿರಲಿಲ್ಲ. ಈ ಘಟನೆಯನ್ನು ಲೂಕಸ್ ರೈಲಿ ಎಂಬ ಲೇಖಕರು ೨೦೧೮ರಲ್ಲಿ ‘ಮೆಂಟಲ್ ಫ್ಲಾಸ್’ ಎಂಬ ಪ್ರಕಟಣೆಗೆ ದೀರ್ಘ ಲೇಖನವಾಗಿ ಬರೆದರು. ಮುಂದೆ ‘ಇಂಟರ್‌ನೆಟ್ ಹಿಸ್ಟೋರಿಯನ್’ ಎಂಬ ಯೂಟ್ಯೂಬ್ ವಾಹಿನಿಯಲ್ಲಿ ಇದೇ ಕಥೆಯ ಚಿತ್ರವೊಂದು ಬಂದು ಬಹು ಜನಪ್ರಿಯವಾಯಿತು. ಕೆಲಕಾಲದ ನಂತರ ಕೃತಿಸ್ವಾಮ್ಯದ ದೂರಿನಿಂದಾಗಿ ಅದು ಮರೆಯಾಗಿ, ಮಾತುಗಳನ್ನು ಬದಲಿಸಿಕೊಂಡು ಮತ್ತೆ ಕಾಣಿಸಿಕೊಂಡಿತು. ಮೊದಲ ಚಿತ್ರದ ಮಾತುಗಳನ್ನೂ ರೈಲಿಯವರ ಲೇಖನವನ್ನೂ ಬ್ರೂಯಿಸ್‌ರವರು ಅಕ್ಕಪಕ್ಕದಲ್ಲಿಟ್ಟಾಗ ಬದಲಾವಣೆಯ ಕಾರಣ ಎಲ್ಲರಿಗೂ ತಿಳಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಲಿನ್ಸನ ಮರಣವು ಇತಿಹಾಸದ ಸಂಗತಿ. ಅದನ್ನು ಯಾರು ಬೇಕಾದರೂ ಹೇಳಬಹುದು. ಆದರೆ ಯಾವ ಘಟನೆಯಿಂದ ಕಥೆಯನ್ನು ಆರಂಭಿಸಬೇಕು, ಯಾವುದನ್ನು ಎಲ್ಲಿ ತಡೆದಿಡಬೇಕು, ಯಾವ ಮಾತಿನಿಂದ ಹೇಳಬೇಕು ಎಂಬುದೆಲ್ಲ ಲೇಖಕನ ದುಡಿಮೆ. ಕಲ್ಲು ಊರಿನದಾದರೂ ಕಟ್ಟಿದ ಗೋಡೆ ಕಟ್ಟಿದವನದು.

ಸಮಾನ ತಪ್ಪೇ ಸಾಕ್ಷಿ

ಇಬ್ಬರು ಒಂದೇ ವಿಷಯವನ್ನು ಬರೆದರೆ ಹೋಲಿಕೆ ಇದ್ದೇ ಇರುವುದಲ್ಲವೇ? ಹಾಗಾದರೆ ಕಳವನ್ನು ನಿಶ್ಚಯಿಸುವುದು ಹೇಗೆ? ಇದಕ್ಕೆ ಉತ್ತರವನ್ನು ಪರೀಕ್ಷೆಯ ಕೊಠಡಿಯಲ್ಲಿಯೇ ಕಾಣಬಹುದು. ಇಬ್ಬರು ವಿದ್ಯಾರ್ಥಿಗಳು ಸರಿಯಾದ ಉತ್ತರವನ್ನೇ ಬರೆದಿದ್ದರೆ ಉಪಾಧ್ಯಾಯರಿಗೆ ಸಂಶಯ ಹುಟ್ಟದು. ಸರಿಯುತ್ತರ ಒಂದೇ ತಾನೆ. ಇಬ್ಬರೂ ಒಂದೇ ವಿಚಿತ್ರವಾದ ತಪ್ಪನ್ನು ಬರೆದಿದ್ದರೆ ಆಗ ಹುಬ್ಬೇರುತ್ತದೆ. ಒಂದು ಪ್ರಶ್ನೆಗೆ ಮೂರು ತಪ್ಪು ಉತ್ತರಗಳು ಸಮಾನವಾಗಿ ಸಾಧ್ಯವೆಂದು ಭಾವಿಸೋಣ. ತಪ್ಪಿದ ಇಬ್ಬರೂ ಒಂದೇ ತಪ್ಪನ್ನು ಆರಿಸುವ ಸಂಭವ ಮೂರರಲ್ಲಿ ಒಂದು. ಇಂತಹ ಹತ್ತು ಪ್ರಶ್ನೆಗಳಲ್ಲಿಯೂ ಅವರ ತಪ್ಪುಗಳು ಹೊಂದಿಕೊಂಡರೆ, ಅದು ಆಕಸ್ಮಿಕವಾಗಿರುವ ಸಂಭವ ೫೯,೦೪೯ರಲ್ಲಿ ಒಂದು ಮಾತ್ರ.

ನಮ್ಮ ಹಳಗನ್ನಡ ಕಾವ್ಯಗಳನ್ನು ತಾಳೆಗರಿಗಳಿಂದ ಸಂಪಾದಿಸಿದ ವಿದ್ವಾಂಸರು ಈ ತರ್ಕವನ್ನು ಚೆನ್ನಾಗಿ ಬಲ್ಲರು. ಲಿಪಿಕಾರನು ಪಕಾರವನ್ನು ವಕಾರವೆಂದು ಓದಿ ತಪ್ಪಿ ಬರೆಯಬಹುದು. ಒಂದು ಸಾಲನ್ನೇ ಬಿಡಬಹುದು. ಎರಡು ಪ್ರತಿಗಳಲ್ಲಿ ಇಂತಹ ತಪ್ಪುಗಳು ಒಂದೇ ಸ್ಥಳಗಳಲ್ಲಿ ಮತ್ತೆ ಮತ್ತೆ ಕಂಡರೆ, ಅವೆರಡೂ ಒಂದೇ ಹಳೆಯ ಪ್ರತಿಯಿಂದ ಇಳಿದುಬಂದವೆಂದು ಊಹಿಸುವರು. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ಗ್ರಂಥವನ್ನೇ ಬರೆದಿರುವಷ್ಟು ವಿಸ್ತಾರವಾದ ಶಾಸ್ತ್ರವಿದು.

ಪ್ರಕೃತಿಯಲ್ಲಿಯೂ ಈ ನ್ಯಾಯ ನಡೆಯುತ್ತದೆ. ಹೆಚ್ಚಿನ ಸಸ್ತನಿಗಳು ಸಿ ಜೀವಸತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ. ಅದಕ್ಕೆ ಬೇಕಾದ ಜೀನು ನಮ್ಮಲ್ಲಿ ಇದ್ದರೂ ಕೆಟ್ಟುಹೋಗಿದೆ. ಚಿಂಪಾಂಜಿಯಲ್ಲಿಯೂ ಕೋತಿಗಳಲ್ಲಿಯೂ ಅದೇ ಜೀನು ಕೆಟ್ಟಿದೆ, ಮತ್ತು ನಮ್ಮಲ್ಲಿರುವ ಹಲವು ಕೇಡುಗಳೇ ಅವುಗಳಲ್ಲಿಯೂ ಕಾಣುತ್ತವೆ. ಗಿನಿಯಿಲಿಯಲ್ಲಿಯೂ ಈ ಜೀನು ಕೆಲಸ ಮಾಡದು. ಆದರೆ ಅಲ್ಲಿ ಕೆಟ್ಟಿರುವ ರೀತಿ ಬೇರೆ. ಆದುದರಿಂದ ಗಿನಿಯಿಲಿಯು ಈ ಶಕ್ತಿಯನ್ನು ಪ್ರತ್ಯೇಕವಾಗಿ ಕಳೆದುಕೊಂಡಿತೆಂದೂ, ನಾವೂ ಕೋತಿಗಳೂ ಅದನ್ನು ಸಮಾನ ಪೂರ್ವಜರಿಂದ ಕೆಟ್ಟ ರೂಪದಲ್ಲಿಯೇ ಪಡೆದೆವೆಂದೂ ಜೀವವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಉತ್ತರಪತ್ರಿಕೆಯಲ್ಲಾಗಲಿ, ತಾಳೆಗರಿಯಲ್ಲಾಗಲಿ, ಜೀವಕೋಶದಲ್ಲಾಗಲಿ, ನಕಲಿನೊಡನೆ ತಪ್ಪೂ ಸಾಗುವುದು. ಆ ತಪ್ಪೇ ಮೂಲವನ್ನು ಹೇಳುವುದು.

ಇದನ್ನು ಬಲ್ಲ ಕೆಲವರು ಬೇಕೆಂದೇ ತಪ್ಪನ್ನು ಬಿತ್ತುವುದೂ ಉಂಟು. ೧೯೩೦ರ ದಶಕದಲ್ಲಿ ಅಮೆರಿಕದ ನಕ್ಷೆ ತಯಾರಕರೊಬ್ಬರು ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ‘ಆಗ್ಲೋ’ ಎಂಬ ಇಲ್ಲದ ಊರನ್ನು ಗುರುತಿಸಿದರು. ಮುಂದೆ ಬೇರೊಂದು ಸಂಸ್ಥೆಯ ನಕ್ಷೆಯಲ್ಲಿಯೂ ಆ ಹೆಸರು ಕಾಣಿಸಿತು. ಕಳ್ಳ ಸಿಕ್ಕಿಬಿದ್ದನೆಂದು ಎಣಿಸುವಷ್ಟರಲ್ಲಿ ಒಂದು ಸೋಜಿಗ ಹೊರಬಿತ್ತು: ಮೊದಲ ನಕ್ಷೆಯನ್ನು ನಂಬಿದ ಯಾರೋ ಅದೇ ಸ್ಥಳದಲ್ಲಿ ಆಗ್ಲೋ ಎಂಬ ಹೆಸರಿನ ಅಂಗಡಿಯನ್ನೇ ತೆರೆದಿದ್ದರು! ಬಲೆಯಾಗಿ ಹಾಕಿದ ಸುಳ್ಳು ನೆಲದ ಮೇಲೆ ನಿಜವಾಗಿ ನಿಂತಿತು. ಸುಳ್ಳು ಮಾಹಿತಿಯೂ ನಕಲೂ ಒಂದನ್ನೊಂದು ಹೇಗೆ ಸಾಕುವುವೆಂಬುದಕ್ಕೆ ಇದಕ್ಕಿಂತ ವಿನೋದವಾದ ನಿದರ್ಶನ ದೊರೆಯದು.

ಕಳವಿನಿಂದ ಸುಳ್ಳಿಗೆ

ಬ್ರೂಯಿಸ್‌ರವರ ಚಿತ್ರದ ದೊಡ್ಡ ಭಾಗ ಕೆನಡಾದ ಜೇಮ್ಸ್ ಸೋಮರ್ಟನ್ ಎಂಬ ವಿಡಿಯೋ ಪ್ರಬಂಧಕಾರರಿಗೆ ಸಂಬಂಧಿಸಿದುದು. ಚಲನಚಿತ್ರಗಳಲ್ಲಿ ಸಲಿಂಗಪ್ರೇಮಿಗಳನ್ನು ಚಿತ್ರಿಸಿರುವ ಬಗೆಯನ್ನು ಕುರಿತು ಅವರು ಮಾತನಾಡುತ್ತಿದ್ದರು. ಈ ವಿಷಯದಲ್ಲಿ ವಿಟೊ ರೂಸೊ ಎಂಬವರು ೧೯೮೧ರಲ್ಲಿ ಪ್ರಕಟಿಸಿದ ‘ದಿ ಸೆಲ್ಯುಲಾಯ್ಡ್ ಕ್ಲಾಸೆಟ್’ ಎಂಬ ಗ್ರಂಥ ಪ್ರಸಿದ್ಧವಾದುದು. ರೂಸೊ ೧೯೯೦ರಲ್ಲಿ ತೀರಿಕೊಂಡರು. ಅವರ ಗ್ರಂಥದಿಂದಲೂ ಇನ್ನೂ ಅನೇಕ ಲೇಖಕರ ಬರಹಗಳಿಂದಲೂ ತೆಗೆದ ಭಾಗಗಳು ಸೋಮರ್ಟನ್‌ರ ಬಾಯಲ್ಲಿ ಸ್ವಂತ ಮಾತಾಗಿ ಬಂದುದನ್ನು ಬ್ರೂಯಿಸ್‌ರವರು ಸಾಲುಸಾಲಾಗಿ ತೋರಿಸಿದರು. ತಮ್ಮ ಚಿತ್ರದಿಂದ ಬರುವ ಆದಾಯವನ್ನು ಹೀಗೆ ನಷ್ಟಕ್ಕೊಳಗಾದ ಲೇಖಕರಿಗೆ ಹಂಚುವುದಾಗಿಯೂ ಹೇಳಿದರು. ಸೋಮರ್ಟನ್‌ರ ಚಿತ್ರಗಳು ಸ್ವಲ್ಪ ಕಾಲದಲ್ಲಿಯೇ ಸಾರ್ವಜನಿಕರ ಕಣ್ಣಿನಿಂದ ಮರೆಯಾದವು.

ನಮ್ಮ ವಿಚಾರಕ್ಕೆ ಮುಖ್ಯವಾದುದು ಇದರ ಮುಂದಿನ ಭಾಗ. ಅದೇ ತಿಂಗಳು ‘ಟಾಡ್ ಇನ್ ದಿ ಶ್ಯಾಡೋಸ್’ ಎಂಬ ಹೆಸರಿನ ಮತ್ತೊಬ್ಬ ಚಿತ್ರಕಾರರು ಸೋಮರ್ಟನ್‌ರ ಹೇಳಿಕೆಗಳ ಸತ್ಯಾಸತ್ಯಗಳನ್ನು ಬೇರೆಯಾಗಿ ಪರೀಕ್ಷಿಸಿದರು. ನಕಲಲ್ಲವೆಂದು ತೋರುವ ಭಾಗಗಳಲ್ಲಿ ಆಧಾರವಿಲ್ಲದ, ಎಷ್ಟೋ ವೇಳೆ ಸತ್ಯಕ್ಕೆ ವಿರುದ್ಧವಾದ ಹೇಳಿಕೆಗಳು ತುಂಬಿದ್ದುದು ಕಂಡುಬಂತು. ಇದು ಕಾಕತಾಳೀಯವಲ್ಲ. ಒಂದು ವಿಷಯವನ್ನು ಸ್ವತಃ ಓದಿ, ಸಾಕ್ಷ್ಯಗಳನ್ನು ತೂಗಿ ಬರೆದವನಿಗೆ ತನ್ನ ಜ್ಞಾನದ ಎಲ್ಲೆ ಗೊತ್ತಿರುವುದು. ಬರಿಯ ಸಾಲುಗಳನ್ನು ಎತ್ತಿಕೊಂಡವನಿಗೆ ಆ ಎಲ್ಲೆ ತಿಳಿಯದು. ಮೂಲದಲ್ಲಿ ‘ಇರಬಹುದು’ ಎಂದಿದ್ದುದು ಅವನಲ್ಲಿ ‘ಇದೆ’ ಎಂದಾಗುತ್ತದೆ. ಎತ್ತಿಕೊಂಡ ಎರಡು ಭಾಗಗಳ ನಡುವಿನ ಸಂದನ್ನು ತುಂಬಲು ಅವನಲ್ಲಿ ಊಹೆಯ ಹೊರತು ಬೇರೇನೂ ಇಲ್ಲ. ಕೇಳುವವನು ಪರೀಕ್ಷಿಸ ಹೊರಟರೆ ಮೂಲದ ಹೆಸರೇ ಇಲ್ಲ. ಹೀಗೆ ಕೃತಿಚೌರ್ಯದ ನಷ್ಟ ಮೊದಲು ಲೇಖಕನಿಗೆ, ಆಮೇಲೆ ಓದುಗನಿಗೆ.

ಎರವಲು ಯಾವುದು, ಕಳವು ಯಾವುದು?

ಇಷ್ಟನ್ನು ತಿಳಿದ ಮೇಲೆ ಎಲ್ಲೆಲ್ಲಿಯೂ ಕಳ್ಳರನ್ನೇ ಕಾಣುವ ಚಾಳಿ ಬೀಳಬಾರದು. ಹಿಂದಿನವರಿಂದ ಏನನ್ನೂ ಪಡೆಯದ ಲೇಖಕನಿಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಒಪ್ಪತಕ್ಕವು ಯಾವುವು, ಒಪ್ಪಲಾಗದವು ಯಾವುವು ಎಂದು ಚರ್ಚಿಸಿದ್ದಾನೆ. ವಿಜ್ಞಾನದಲ್ಲಿ ಅಳತೆಗೋಲು ಇನ್ನೂ ಸುಲಭವಾದುದು. ಪಡೆದುದನ್ನು ಪಡೆದೆನೆಂದು ಹೇಳಿ, ಎಲ್ಲಿಂದ ಎಂಬುದನ್ನು ತಿಳಿಸಿದರೆ ಅದು ಎರವಲು. ಮುಚ್ಚಿಟ್ಟರೆ ಕಳವು. ನಾಲ್ಕು ಶಬ್ದಗಳನ್ನು ಬದಲಿಸಿದ ಮಾತ್ರಕ್ಕೆ ಕಳವು ಎರವಲಾಗದು. ಕಾನೂನಿನ ಕೃತಿಸ್ವಾಮ್ಯ ಬೇರೆ ವಿಷಯ. ಶತಮಾನಗಳ ಹಿಂದೆ ತೀರಿಕೊಂಡವರ ಮಾತನ್ನು ತನ್ನದೆಂದರೆ ನ್ಯಾಯಾಲಯದ ದಂಡ ತಪ್ಪಬಹುದು, ಕೃತಿಚೌರ್ಯದ ದೋಷ ತಪ್ಪದು.

ಬ್ರೂಯಿಸ್‌ರವರ ಮಾತನ್ನೂ ಇದೇ ಒರೆಗಲ್ಲಿಗೆ ತಿಕ್ಕಿನೋಡಬೇಕು. ಅವರು ಖಾರವಾಗಿ ಮಾತನಾಡುವವರು. ತಮ್ಮ ಒಲವುಗಳನ್ನು ಮರೆಮಾಚುವವರಲ್ಲ. ಆದರೂ ಅವರ ತೀರ್ಮಾನಗಳಿಗೆ ಬೆಲೆಯಿರುವುದು ಅವರ ಹೆಸರಿನಿಂದಲ್ಲ, ಮೂಲವನ್ನು ನಮ್ಮ ಕಣ್ಣೆದುರಿಗೆ ಇಟ್ಟುದರಿಂದ. ಒಪ್ಪದವರು ಅದೇ ಸಾಲುಗಳನ್ನು ತೆಗೆದು ತಾವೇ ಹೋಲಿಸಬಹುದು. ತಪ್ಪಿತಸ್ಥರೆಂದು ಕಂಡವರನ್ನು ಗುಂಪುಕೂಡಿ ನಿಂದಿಸುವುದಕ್ಕೂ ಈ ಬಗೆಯ ಪರೀಕ್ಷೆಗೂ ಯಾವ ಸಂಬಂಧವೂ ಇಲ್ಲ.

ನಾವು ಮಾಡಬಹುದಾದುದು

ಈಗ ಕೇಳಿದೊಡನೆ ಪ್ರಬಂಧ ಬರೆದುಕೊಡುವ ಕಂಪ್ಯೂಟರ್ ಯಂತ್ರಗಳೂ ಬಂದಿವೆ. ಅವು ಶಬ್ದಗಳನ್ನು ಸುಲಭವಾಗಿ ಬದಲಿಸಬಲ್ಲುವು. ಕೆಲವು ಸಲ ಇಲ್ಲದ ಗ್ರಂಥಗಳನ್ನೇ ಆಧಾರವೆಂದು ಹೆಸರಿಸುವುದೂ ಉಂಟು. ಆದುದರಿಂದ ಮೂಲವನ್ನು ಕೇಳುವ ಅಭ್ಯಾಸ ಹಿಂದೆಂದಿಗಿಂತಲೂ ಇಂದು ಅಗತ್ಯವಾಗಿದೆ.

ಈ ಅಭ್ಯಾಸಕ್ಕೆ ಪ್ರಯೋಗಾಲಯ ಬೇಕಿಲ್ಲ. ಸೋಜಿಗವೆನಿಸುವ ಸುದ್ದಿಯೊಂದು ಬಂದರೆ, ಇದನ್ನು ಮೊದಲು ಯಾರು, ಯಾವಾಗ ಹೇಳಿದರು ಎಂದು ಹುಡುಕಬಹುದು. ಹತ್ತು ಕಡೆ ಒಂದೇ ಮಾತು ಕಂಡರೆ ಅವು ಹತ್ತು ಸಾಕ್ಷಿಗಳೋ, ಒಂದೇ ಮೂಲದ ಹತ್ತು ನಕಲುಗಳೋ ಎಂದು ನೋಡಬಹುದು. ಹತ್ತರಲ್ಲಿಯೂ ಒಂದೇ ತಪ್ಪಿದ್ದರೆ ಉತ್ತರ ಕೈಗೆ ಸಿಕ್ಕಂತೆಯೇ. ಶಾಲೆಯ ಪ್ರಬಂಧವನ್ನು ಬರೆಯುವಾಗ, ಇದನ್ನು ಇಂತಹ ಪುಸ್ತಕದಿಂದ ತಿಳಿದೆನೆಂದು ಒಂದು ಸಾಲು ಸೇರಿಸಬಹುದು. ಆ ಒಂದು ಸಾಲಿನಿಂದ ಬರೆದವನ ಮಾನ ಕಡಿಮೆಯಾಗದು. ಮುಂದೆ ಬರುವ ಓದುಗನು ಅದರ ಜಾಡನ್ನು ಹಿಡಿದು, ಬರೆದವನು ಕಾಣದಿದ್ದ ತಪ್ಪನ್ನೂ ಕಂಡು ತಿದ್ದಬಹುದು. ಜ್ಞಾನವು ಬೆಳೆದುಬಂದಿರುವುದು ಇಂತಹ ತಿದ್ದುಪಡಿಗಳಿಂದಲೇ.